ಕುದುರೆ ಹತ್ತಬೇಕಾದದ್ದು ಬಡಿಗೆಗೆ ಅಂಜಿ ಅಲ್ಲ

ಎಳ್ಳಮಾವಾಸ್ಯೆ ಸಮೀಪಿಸಿತೆಂದರೆ ನಮ್ಮ ಸೀಮೆಯಲ್ಲಿ ಎರಡು ಸಡಗರ. ಒಂದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವದು. ಇನ್ನೊಂದು, ಮಾಳೆಗಾಂವದ ಜಾತ್ರೆ. ನಾಂದೇಡ ಜಿಲ್ಲೆಯ ಲೋಹಾ ತಾಲೂಕಿನ ಮಾಳೆಗಾಂವದಲ್ಲಿ ಖಂಡೋಬನ ಜಾತ್ರೆಯು ಈ ಅಮಾವಾಸ್ಯೆಯ ಸುತ್ತಿನಲ್ಲಿಯೇ ಕೂಡುವದು. ಖಂಡೋಬನೆಂದರೆ ಬೇರೆ ಯಾರೂ ಅಲ್ಲ, ನಮ್ಮ ಮೈಲಾರನೇ. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ನಡೆದುಕೊಳ್ಳುವ ಮಂದಿಗೆ ಇದನ್ನು ಹೇಳಬೇಕಾಗಿಲ್ಲ. ದೇವರ ವಾಹನ ಕುದುರೆ. ಜಾತ್ರೆಯ ಹೆಸರೂ ಕುದುರೆ, ಕತ್ತೆ, ಒಂಟೆಗಳ ಸಂತೆಯಿಂದಲೇ ದೊಡ್ಡದು.

ಈಗ ಕುದುರೆ ಯಾರಲ್ಲಿದೆ ಎಂದು ಕೆಲವರು ಕೇಳಬಹುದು. ಟಾಂಗಾಗಳು ಹೋದವು, ನಿಜ. ಆದರೆ ಮದುವೆಯ ಮೆರವಣಿಗೆಗೆ ಕುದುರೆ ಕೊಟ್ಟು ಹೊಟ್ಟೆ ಹೊರೆಯುವ ಮನೆಗಳು ಉಮರಗಾ, ನಿಲಂಗಾ, ಉದಗೀರಗಳಲ್ಲಿ ಇನ್ನೂ ಇವೆ. ಕುರಿ ಹಿಂಡಿನ ಹಿಂದೆ ಗುಡಾರ, ಪಾತ್ರೆ, ಎಳೆಮರಿಗಳನ್ನು ಹೊತ್ತು ನಡೆಯುವ ತಟ್ಟುಗಳು ಇವೆ. ಹವ್ಯಾಸಕ್ಕೆಂದು ಕುದುರೆ ಸಾಕುವ ತರುಣರೂ ಹೆಚ್ಚುತ್ತಿದ್ದಾರೆ. ಹಿಂದೆ ಇವು ಜಾತ್ರೆಗೆ ತಮ್ಮ ಕಾಲ ಮೇಲೆ ನಡೆದು ಹೋಗುತ್ತಿದ್ದವು. ಈಗ ಪಿಕಪ್ಪು, ಟೆಂಪೊಗಳಲ್ಲಿ ಹೋಗುತ್ತವೆ. ನಡೆಯುವ ಕಷ್ಟ ತಪ್ಪಿತು. ಆದರೆ ಹತ್ತಿಸುವ, ಇಳಿಸುವ ಹೊಸ ಕಷ್ಟವೊಂದು ಬಂದಿತು. ಅದನ್ನು ನಾವು ಇನ್ನೂ ಕಲಿತಿಲ್ಲ.

ಕಳೆದ ಚಳಿಗಾಲದ ಒಂದು ಸಂಜೆ ಔರಾದ ಶಹಾಜನಿಯ ಹತ್ತಿರ ರಸ್ತೆಯ ಬದಿಯಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ತುಳಸಿ ಲಗ್ನ ಮುಗಿದು ಮದುವೆಗಳು ಆರಂಭವಾಗಿದ್ದವು. ಬಾಡಿಗೆಯ ಪಿಕಪ್ಪು ಸಪಾಟು ನೆಲದ ಮೇಲೆ ನಿಂತಿತ್ತು. ಅದರ ತಳ ಆಳಿನ ಸೊಂಟದೆತ್ತರ. ಬಿಳಿಯ ಹೆಣ್ಣು ಕುದುರೆಯೊಂದನ್ನು ಅದಕ್ಕೆ ನೆಗೆಸಲು ನಾಲ್ಕು ಮಂದಿ ಹೆಣಗುತ್ತಿದ್ದರು. ಒಬ್ಬನು ಮುಂದಿನಿಂದ ಹಗ್ಗ ಜಗ್ಗುತ್ತಿದ್ದನು, ಇಬ್ಬರು ಹಿಂದೆ ಹಗ್ಗ ಅಡ್ಡಗಟ್ಟಿ ತಳ್ಳುತ್ತಿದ್ದರು, ಇನ್ನೊಬ್ಬನ ಕೈಯಲ್ಲಿ ಬಡಿಗೆ. ಚಾಲಕನು ಹೊತ್ತಾಯಿತೆಂದು ಒಂದೇ ಸಮನೆ ಹಾರ್ನು ಬಾರಿಸುತ್ತಿದ್ದನು. ಕುದುರೆ ಮುಂಗಾಲೆತ್ತಿ ನಿಂತಿತು, ಜಾರಿತು, ಗಾಡಿಯ ಹಿಂದಿನ ಕಬ್ಬಿಣದ ಅಂಚಿಗೆ ಕಾಲು ಬಡಿದು ಎಲುಬು ಕಾಣುವಂತೆ ಚರ್ಮ ಸೀಳಿತು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದವನ ಬೆರಳ ತುದಿ ಹೋಯಿತು. ಕುದುರೆಯ ಯಜಮಾನನು ರಸ್ತೆಯ ಮೇಲೆಯೇ ಕುಳಿತುಬಿಟ್ಟನು. ಆ ಮದುವೆಯ ಸುಗ್ಗಿಯ ಗಳಿಕೆಯೆಲ್ಲ ಆ ಒಂದು ಕಾಲಿನ ಮೇಲೆ ನಿಂತಿತ್ತು. ನೆರೆದವರು, “ಕುದುರೆ ಹಟಮಾರಿ” ಎಂದು ಹೇಳಿ ಚದುರಿದರು.

ನಮ್ಮ ಅಭಿಪ್ರಾಯ ಬೇರೆ. ಅಂದು ಹಟ ಮಾಡಿದ್ದು ಕುದುರೆಯಲ್ಲ, ಅವಸರ. ಹೊರಡುವ ದಿನ ಬಡಿಗೆ ಹಿಡಿಯಬೇಕಾಗುವದು ಅದರ ಹಿಂದಿನ ಹದಿನೈದು ದಿನ ಮನೆಯಲ್ಲಿ ಮಾಡದೆ ಬಿಟ್ಟ ಅಭ್ಯಾಸಕ್ಕೆ ನಾವು ತೆರುವ ದಂಡ. ಈ ದಂಡವನ್ನು ಮೂಕ ಪ್ರಾಣಿಯಿಂದ ವಸೂಲು ಮಾಡುವದು ನ್ಯಾಯವೂ ಅಲ್ಲ, ಲಾಭವೂ ಅಲ್ಲ.

ಕುದುರೆಯ ದೃಷ್ಟಿಯಿಂದ ಒಮ್ಮೆ ನೋಡಿರಿ. ಅದರ ಕಣ್ಣು ತಲೆಯ ಎರಡು ಪಕ್ಕಗಳಲ್ಲಿವೆ. ಸುತ್ತಲಿನ ಹೆಚ್ಚು ಕಡಿಮೆ ಎಲ್ಲವನ್ನೂ ಅದು ಕಾಣುತ್ತದೆ. ಕಾಣದಿರುವದು ಹಣೆಯ ನೇರ ಎದುರಿನ ತುಸು ಜಾಗ ಮತ್ತು ಬಾಲದ ನೇರ ಹಿಂಭಾಗ ಮಾತ್ರ. ಆದುದರಿಂದಲೇ ಹಿಂದೆ ಸದ್ದಿಲ್ಲದೆ ನಿಂತವನಿಗೆ ಒದೆ ಬೀಳುವದು. ಬೆಳಕಿನಿಂದ ಕತ್ತಲೆಗೆ ಹೋದಾಗ ನಮಗಿಂತ ಅದರ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುವದು. ತಾಡಪತ್ರಿ ಹೊದಿಸಿದ ಗಾಡಿಯ ಒಳಗು ಅದಕ್ಕೆ ಒಂದು ಕಪ್ಪು ಗವಿ. ಕಬ್ಬಿಣದ ತಳದ ಮೇಲೆ ಲಾಳದ ಕಾಲಿಟ್ಟರೆ ಢಣಢಣ ಸದ್ದು, ಮೇಲೆ ಜಾರಿಕೆ. ಬಯಲಲ್ಲಿ ಓಡಿ ಜೀವ ಉಳಿಸಿಕೊಂಡ ಜಾತಿಯ ಪ್ರಾಣಿ ಅದು. ಓಡಲು ದಾರಿಯಿಲ್ಲದ ಇಂಥ ಜಾಗಕ್ಕೆ ಕಣ್ಣು ಮುಚ್ಚಿ ಹೋಗೆಂದರೆ ಹೇಗೆ ಹೋದೀತು? ಅಂಜಿಕೆಯ ಜೊತೆಗೆ ಪೆಟ್ಟನ್ನೂ ಕೂಡಿಸಿದರೆ ಗಾಡಿಯೆಂದರೆ ಪೆಟ್ಟು ಎಂಬ ಒಂದೇ ಪಾಠ ಅದರ ತಲೆಯಲ್ಲಿ ಉಳಿಯುವದು. ಕುದುರೆಯ ನೆನಪು ಗಟ್ಟಿ. ಮುಂದಿನ ಸಲ ಅದು ಗಾಡಿಯನ್ನು ದೂರದಿಂದ ಕಂಡೇ ಹಿಂಜರಿಯುವದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಮನೆಯ ಅಭ್ಯಾಸ. ಜಾತ್ರೆಗೆ ಹದಿನೈದು ದಿನ ಮುಂಚೆ ಗಾಡಿಯೊಂದನ್ನು ಅಂಗಳಕ್ಕೆ ತರಿಸಿ, ಎಂಜಿನು ಬಂದು ಮಾಡಿ, ಹಿಂಬಾಗಿಲು ತೆರೆದು ನಿಲ್ಲಿಸಿರಿ. ಮೊದಲ ದಿನ ಕುದುರೆ ಅದನ್ನು ಮೂಸಿ ನೋಡಿದರೆ ಸಾಕು. ಮರುದಿನ ಹಲಗೆಯ ಮೇಲೆ ಮುಂಗಾಲಿಟ್ಟರೆ ಅಲ್ಲಿಗೇ ನಿಲ್ಲಿಸಿ ಮೈ ಸವರಿ ತಿರುಗಿಸಿರಿ. ಮೇವನ್ನು ದಿನದಿನಕ್ಕೆ ಗಾಡಿಯ ಒಳಕ್ಕೆ ಸರಿಸುತ್ತ ಹೋದರೆ ಕುದುರೆ ತಾನಾಗಿಯೇ ಒಳಗೆ ಹೋಗಿ ತಿನ್ನುವದು. ಬಳಿಕ ಒಳಗೆ ನಿಂತಾಗ ಎಂಜಿನು ಚಾಲು ಮಾಡಿರಿ. ಆಮೇಲೆ ಊರ ಸುತ್ತ ಒಂದು ಸುತ್ತು ನಿಧಾನವಾಗಿ ತನ್ನಿರಿ. ಅಂಜದ ಹಳೆಯ ಕುದುರೆಯೊಂದಿದ್ದರೆ ಅದನ್ನು ಮುಂದೆ ಹತ್ತಿಸಿರಿ. ಹೊಸದು ಅದರ ಹಿಂದೆ ಹತ್ತುವದು. ಕುದುರೆ ನಿಂತುಬಿಟ್ಟರೆ ಜಗ್ಗಬೇಡಿರಿ. ಜಗ್ಗಿದಷ್ಟೂ ಅದು ಹಿಂದಕ್ಕೆ ಜಗ್ಗುವದು. ಹಗ್ಗ ತುಸು ಸಡಿಲಿಸಿ ಕಾಯಿರಿ. ಒಂದು ಹೆಜ್ಜೆ ಮುಂದಿಟ್ಟ ಕ್ಷಣವೇ ಹಗ್ಗ ಪೂರಾ ಸಡಿಲಿಸಿರಿ. ಮುಂದೆ ಹೋದರೆ ಸುಖವೆಂಬದು ಅದಕ್ಕೆ ತಿಳಿಯಬೇಕು.

ಮನುಷ್ಯನ ಜೀವದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಹಗ್ಗವನ್ನು ಎಂದೂ ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬಾರದು. ಮಡಿಸಿ ಮುಷ್ಟಿಯಲ್ಲಿ ಹಿಡಿಯಬೇಕು. ಕುದುರೆಯ ನೇರ ಎದುರಿಗೆ ನಿಲ್ಲದೆ ಭುಜದ ಪಕ್ಕಕ್ಕೆ ನಿಲ್ಲಬೇಕು. ಹತ್ತಿಸಿದ ಮೇಲೆ ಮೊದಲು ಹಿಂದಿನ ಅಡ್ಡಗಳ ಹಾಕಿ, ಆಮೇಲೆ ತಲೆಯ ಹಗ್ಗ ಕಟ್ಟಬೇಕು. ಇಳಿಸುವಾಗ ಇದಕ್ಕೆ ತಿರುಗುಮುರುಗು: ಮೊದಲು ತಲೆಯ ಹಗ್ಗ ಬಿಚ್ಚಿ, ಆಮೇಲೆ ಹಿಂದಿನ ಅಡ್ಡಗಳ ತೆಗೆಯಬೇಕು. ಹಿಂದೆ ತೆರವಾದದ್ದನ್ನು ಕಂಡು ಕುದುರೆ ಹಿಂದೆ ಸರಿದಾಗ ತಲೆ ಕಟ್ಟಿದ್ದರೆ ಅದು ಗಾಬರಿಯಾಗಿ ಎಗರಿ ಬೀಳುವದು. ಗಂಟು ಒಂದೇ ಸೆಳೆತಕ್ಕೆ ಬಿಚ್ಚಿಕೊಳ್ಳುವಂಥದಿರಲಿ. ಲಗಾಮಿನಿಂದ ಎಂದೂ ಕಟ್ಟಬೇಡಿರಿ. ಒಂದು ಧಡಕಿಗೆ ಬಾಯಿ ಹರಿಯುವದು. ತಲೆಗೆ ಮೆತ್ತನೆಯ ಹಗ್ಗವೇ ಸರಿ.

ಗಾಡಿಯ ವಿಷಯದಲ್ಲಿ ನಮ್ಮ ಇಷ್ಟಕ್ಕೆ ಬಿಟ್ಟದ್ದೇನೂ ಇಲ್ಲ, ಕಾಯಿದೆಯೇ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಕೆಳಗೆ 1978ರಲ್ಲಿ ಪ್ರಾಣಿಗಳ ಸಾಗಾಟದ ನಿಯಮಗಳನ್ನು ಕೇಂದ್ರ ಸರಕಾರವು ಮಾಡಿತು. ಅದರಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳಿಗೆಂದೇ ಬೇರೆ ಭಾಗವಿದೆ. ಗಾಡಿಯ ತಳಕ್ಕೆ ಜಾರದಂಥ ಹಾಸಿರಬೇಕು. ಪಕ್ಕದ ಗೋಡೆ ತಗ್ಗಾಗಿದ್ದರೆ ಎತ್ತರಿಸಬೇಕು. ಒಂದೊಂದು ಕುದುರೆಯ ನಡುವೆ ಕನಿಷ್ಠ 8 ಸೆಂಟಿಮೀಟರು ದಪ್ಪದ ಬಿದಿರ ಗಳ, ಹಿಂದೆ ಎರಡು ಗಟ್ಟಿ ಅಡ್ಡಪಟ್ಟಿ ಇರಬೇಕು. ಹಾದುಹೋಗುವ ವಾಹನಗಳಿಗೆ ಬೆದರದಂತೆ ಕುದುರೆಯ ಮುಖ ಎಡಗಡೆಗೆ ಇರಬೇಕು. ದೊಡ್ಡ ಗಾಡಿಯಾದರೂ ನಾಲ್ಕರಿಂದ ಆರಕ್ಕಿಂತ ಹೆಚ್ಚು ಕುದುರೆ ಸಲ್ಲದು. ಜೊತೆಗೆ ನೋಡಿಕೊಳ್ಳುವ ಆಳೊಬ್ಬನಿರಬೇಕು. ವೇಗವು ತಾಸಿಗೆ 35 ಕಿಲೋಮೀಟರು ಮೀರಬಾರದು. ಗಬ್ಬದ ಕುದುರೆ ಮತ್ತು ಎಳೆಮರಿಗಳನ್ನು ಬೇರೆಯವುಗಳೊಡನೆ ತುಂಬಬಾರದು. ಹತ್ತಿಸುವ ಮುಂಚೆ ಮೇವು ನೀರು ಆಗಿರಬೇಕು. ಹತ್ತಿಸಲು, ಇಳಿಸಲು ಇಳಿಜಾರಿನ ಅನುಕೂಲ ಇರಲೇಬೇಕು.

2015ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯು ಒಂದು ಕುದುರೆಗೆ 2.25 ಚದರ ಮೀಟರು, ಎಂದರೆ ಸುಮಾರು 24 ಚದರ ಅಡಿ ಜಾಗ ಬೇಕೆಂದು ಹೇಳಿದೆ. ಲೆಕ್ಕ ಹಾಕಿ ನೋಡಿರಿ. ಎಂಟಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ಪಿನ ತಳ 44 ಚದರ ಅಡಿ. ಅದರಲ್ಲಿ ಎರಡು ಕುದುರೆಗಳೇ ಹಿಡಿಸವು. ನಾವು ಮೂರನ್ನು ತುರುಕಿದ್ದನ್ನು ಕಂಡಿದ್ದೇವೆ.

ಹಾಸಿಗೆಗೆ ಖರ್ಚಿಲ್ಲ. ಒಂದು ಪದರು ಉಸುಕು ಅಥವಾ ಹೊಲದ ಮಣ್ಣು, ಮೇಲೆ ಹಳೆಯ ಗೋಣಿತಟ್ಟು, ಅದರ ಮೇಲೆ ದಪ್ಪನಾಗಿ ಹುಲ್ಲು ಹಾಕಿದರೆ ಕಾಲು ಜಾರದು, ಸದ್ದೂ ಆಗದು. ಮೈ ತಾಗುವ ಕಡೆ ಹುಲ್ಲು ತುಂಬಿದ ಗೋಣಿಚೀಲ ಕಟ್ಟಿರಿ. ಎಲ್ಲಿಯಾದರೂ ಮೊಳೆ, ತಗಡಿನ ತುದಿ ಚಾಚಿದೆಯೇ ಎಂದು ಕೈಯಾಡಿಸಿ ನೋಡಿರಿ.

ದಾರಿಯಲ್ಲಿ ಏನಾಗುವದೆಂಬದು ಬಹಳ ಮಂದಿಗೆ ತಿಳಿಯದು. ಕುದುರೆ ಗಾಡಿಯಲ್ಲಿ ಸುಮ್ಮನೆ ನಿಂತಂತೆ ಕಂಡರೂ ಪ್ರತಿಯೊಂದು ತಿರುವಿಗೆ, ಪ್ರತಿಯೊಂದು ಬ್ರೇಕಿಗೆ ನಾಲ್ಕೂ ಕಾಲು ಬಿಗಿಹಿಡಿದು ತೂಕ ಸರಿದೂಗಿಸುತ್ತಿರುವದು. ಅದು ದುಡಿಮೆಯೇ. ಇನ್ನೊಂದು ಮುಖ್ಯ ಸಂಗತಿ: ಕುದುರೆ ಮೇಯುವಾಗ ತಲೆ ತಗ್ಗಿಸಿಯೇ ಇರುವದು, ಹಾಗಿದ್ದಾಗ ಗಂಟಲು ಮೂಗುಗಳೊಳಗಿನ ಧೂಳು ಲೋಳೆ ಕೆಳಗಿಳಿದು ಹೋಗುವದು. ತಾಸುಗಟ್ಟಲೆ ತಲೆಯನ್ನು ಮೇಲೆತ್ತಿ ಬಿಗಿಯಾಗಿ ಕಟ್ಟಿದರೆ ಆ ಹೊಲಸು ಪುಪ್ಪುಸಕ್ಕೆ ಇಳಿದು, ಒಂದೆರಡು ದಿನಗಳಲ್ಲಿ ಜ್ವರ, ಕೆಮ್ಮು, ಏದುಸಿರು ಬರುವವು. ಜಾತ್ರೆಯ ಗಾಳಿ ತಾಗಿತು ಎಂದು ನಾವು ಅನ್ನುವ ಎಷ್ಟೋ ರೋಗಗಳು ಜಾತ್ರೆಯವಲ್ಲ, ದಾರಿಯ ಹಗ್ಗದವು. ಆದುದರಿಂದ ಹಗ್ಗ ತುಸು ಉದ್ದವಿರಲಿ. ಮೂರು ತಾಸಿಗೊಮ್ಮೆಯಾದರೂ ನೆರಳಲ್ಲಿ ನಿಲ್ಲಿಸಿ, ತಲೆ ಬಿಚ್ಚಿ, ಮೇವನ್ನು ಕೆಳಗಿಟ್ಟು ಅರ್ಧ ತಾಸು ತಲೆ ತಗ್ಗಿಸಲು ಬಿಡಿರಿ.

ದೊಡ್ಡ ಕುದುರೆಗೆ ದಿನಕ್ಕೆ 25ರಿಂದ 40 ಲೀಟರು ನೀರು ಬೇಕು. ಪರಊರಿನ ನೀರಿನ ವಾಸನೆಗೆ ಕೆಲವು ಕುದುರೆಗಳು ಬಾಯಿ ಹಚ್ಚವು. ಅಂಥವಕ್ಕೆ ಮನೆಯ ನೀರನ್ನೇ ಡಬ್ಬಿಯಲ್ಲಿ ಒಯ್ಯಬೇಕು. ಇಲ್ಲವೆ ನಾಲ್ಕು ದಿನ ಮೊದಲಿನಿಂದ ನೀರಿಗೆ ಚೂರು ಬೆಲ್ಲ ಹಾಕಿ ರೂಢಿ ಮಾಡಿದರೆ ಎಲ್ಲಿಯ ನೀರೂ ಒಂದೇ ರುಚಿಯಾಗುವದು. ಹೊರಡುವ ದಿನ ಕಡಲೆ, ಹುರುಳಿ ಕಡಿಮೆ ಮಾಡಿ ಹುಲ್ಲು ಧಾರಾಳ ಕೊಡಿರಿ. ಕುದುರೆ ವಾಂತಿ ಮಾಡಲಾರದು. ಹೊಟ್ಟೆಯಲ್ಲಿ ಕಾಳು ಉಬ್ಬಿದರೆ ಹೊರಬರಲು ದಾರಿಯಿಲ್ಲ. ಅದು ಮುಂಗಾಲಿನಿಂದ ನೆಲ ಕೆರೆದರೆ, ತಿರುತಿರುಗಿ ಪಕ್ಕೆಯ ಕಡೆ ನೋಡಿದರೆ, ಬೆವರಿ ಹೊರಳಾಡಿದರೆ, ಲದ್ದಿ ನಿಂತರೆ ಹೊಟ್ಟೆಶೂಲೆಯೆಂದು ತಿಳಿಯಿರಿ. ಗೊಟ್ಟದಿಂದ ಔಷಧ ಸುರಿಯಲು ಹೋಗಬೇಡಿರಿ, ಅದು ಪುಪ್ಪುಸಕ್ಕೆ ಹೋದೀತು. ಕೂಡಲೇ ದನದ ಡಾಕ್ಟರರನ್ನು ಕರೆಯಿರಿ. ಸಂಚಾರಿ ಪಶುವೈದ್ಯರಿಗಾಗಿ 1962 ಎಂಬ ದೂರವಾಣಿಯು ಗಡಿಯ ಈಚೆಗೂ ಆಚೆಗೂ ಇದೆ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಮೈಶಾಖ 37.5ರಿಂದ 38.5 ಡಿಗ್ರಿ ಎಂಬದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿರಿ. ಅದನ್ನು ಮೀರಿದರೆ ಪ್ರಯಾಣ ಬೇಡ.

ಸಾಗಿಸುವ ಮುಂಚೆ ಡಾಕ್ಟರರ ಪತ್ರ ಬೇಕೆಂಬ ನಿಯಮವನ್ನು ನಮ್ಮವರು ಪೋಲೀಸರ ಕಾಟವೆಂದು ತಿಳಿಯುವರು. ಅದು ತಪ್ಪು. ಕುದುರೆ ಪ್ರಯಾಣಕ್ಕೆ ತಕ್ಕ ಸ್ಥಿತಿಯಲ್ಲಿದೆ, ಅಂಟುರೋಗವಿಲ್ಲ ಎಂದು ಹೇಳುವ ಪತ್ರವದು. ಗ್ಲ್ಯಾಂಡರ್ಸ್ ಎಂಬ ರೋಗವು 2006-07ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಕಾಣಿಸಿಕೊಂಡಿತು. ಮೂಗಿನಿಂದ ಕೀವಿನಂಥ ಸಿಂಬಳ, ಮೈಮೇಲೆ ಗಂಟು ಹುಣ್ಣು ಅದರ ಕುರುಹು. ಅದು ಮನುಷ್ಯರಿಗೂ ಅಂಟಿ ಜೀವ ತೆಗೆಯಬಲ್ಲದು. ರೋಗ ಹತ್ತಿದ ಕುದುರೆಯನ್ನು ಕೊಲ್ಲದೆ ಗತಿಯಿಲ್ಲ. ಜಾತ್ರೆಯಲ್ಲಿ ನೂರಾರು ಕುದುರೆಗಳು ಒಂದೇ ತೊಟ್ಟಿಗೆ ಮೂತಿಯಿಟ್ಟರೆ ಏನಾದೀತು, ನೀವೇ ವಿಚಾರ ಮಾಡಿರಿ. ಬಕೀಟು ನಿಮ್ಮದೇ ಇರಲಿ. ಜಾತ್ರೆಯಿಂದ ತಂದ ಹೊಸ ಕುದುರೆಯನ್ನು ಎರಡು ಮೂರು ವಾರ ಬೇರೆಯೇ ಕಟ್ಟಿರಿ.

ಗಡಿಯ ಮಂದಿಯಾದ ನಮಗೆ ಇನ್ನೊಂದು ಗೊಂದಲ. ನಿಲಂಗಾದಲ್ಲಿ ಪಡೆದ ಪತ್ರ ಭಾಲ್ಕಿಯಲ್ಲಿ ನಡೆದೀತೇ ಎಂದು ಕೇಳುವವರಿದ್ದಾರೆ. 1956ರವರೆಗೆ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವು. ಗೆರೆ ಆಮೇಲೆ ಬಿದ್ದಿತು. ಸಾಗಾಟದ ನಿಯಮಗಳು ಕೇಂದ್ರದವಾದುದರಿಂದ ಪತ್ರದ ನಮೂನೆ ಗೆರೆಯ ಎರಡೂ ಕಡೆಗೆ ಒಂದೇ. ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಂಕೋಚ ಬೇಡ. ಏನು ಬರೆದಿರಿ ಸಾಹೇಬರೇ ಎಂದು ಕೇಳಿ ತಿಳಿದುಕೊಂಡೇ ಎದ್ದು ಬರಬೇಕು.

ತಾಳ್ಮೆಯಿಂದ ಕುದುರೆ ಸಾಗಿಸುವದು ಈ ನೆಲಕ್ಕೆ ಹೊಸದಲ್ಲ. ಐದೂವರೆ ಶತಮಾನದ ಹಿಂದೆ ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನನು ಒಂದು ಗಂಡು ಕುದುರೆಯನ್ನು ಹೊರ್ಮುಜದಿಂದ ಹಡಗಿನಲ್ಲಿ ಚೌಲ್ ಬಂದರಕ್ಕೆ ತಂದನು. ಘಟ್ಟ ಹತ್ತಿ ಜುನ್ನರಕ್ಕೆ ಬಂದು, ಮಳೆ ಹಿಡಿದುದರಿಂದ ಎರಡು ತಿಂಗಳು ಅಲ್ಲಿಯೇ ನಿಂತನು. ಅಲ್ಲಿನ ಅಧಿಕಾರಿಯು ಕಸಿದುಕೊಂಡ ಆ ಕುದುರೆಯನ್ನು ಮರಳಿ ಪಡೆದು, ಕೊನೆಗೆ ನಮ್ಮ ಬೀದರಿನಲ್ಲಿ ಮಾರಿದನು. ಇಲ್ಲಿಯವರು ಕುದುರೆಗೆ ಕಡಲೆ ತಿನ್ನಿಸುವದನ್ನೂ, ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುವದನ್ನೂ ಅವನು ಬರೆದಿಟ್ಟಿದ್ದಾನೆ. ಕಡಲು, ಘಟ್ಟ, ಮಳೆ ಎಲ್ಲವನ್ನೂ ದಾಟಿದ ಪ್ರಾಣಿ ಮಾರಾಟಕ್ಕೆ ತಕ್ಕಂತೆ ಉಳಿದಿತ್ತೆಂದರೆ ಅದಕ್ಕೆ ತಕ್ಕ ಆರೈಕೆ ಸಿಕ್ಕಿತ್ತೆಂದೇ ಅರ್ಥ.

ಅಷ್ಟು ಹಿಂದೆಯೇಕೆ? ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಶಿತೋಳೆ ಸರಕಾರರ ಮನೆಯ ಕುದುರೆಗಳು ಜ್ಞಾನೇಶ್ವರರ ಪಾಲಕಿಗಾಗಿ ವರ್ಷವೂ ಆಳಂದಿಗೆ ಹೋಗುತ್ತವೆ. ಸುಮಾರು 300 ಕಿಲೋಮೀಟರಿನ ದಾರಿಯನ್ನು ದಿನಕ್ಕೊಂದು ಮಜಲಿನಂತೆ ಹತ್ತು ಹನ್ನೊಂದು ದಿನ ನಡೆದೇ ಮುಗಿಸುವವು. ಕನ್ನಡ ಊರಿನಿಂದ ಮರಾಠಿ ಸಂತನ ಬಾಗಿಲಿಗೆ ಹೋಗುವ ಆ ಕುದುರೆಗಳಿಗೆ ಜನ ಕೈಮುಗಿಯುತ್ತಾರೆ. ಪಾಲಕಿಯ ಕುದುರೆಗೆ ಕೈಮುಗಿದು ನಮ್ಮ ಅಂಗಳದ ಕುದುರೆಗೆ ಬಡಿಗೆ ಎತ್ತುವದು ಯಾವ ಭಕ್ತಿ?

“ಇಷ್ಟೆಲ್ಲ ಮಾಡಲು ಬಡವರಿಗೆ ಪುರುಸೊತ್ತೆಲ್ಲಿ, ರೊಕ್ಕವೆಲ್ಲಿ?” ಎಂದು ಕೇಳುವವರ ಮಾತನ್ನು ನಾವು ತಳ್ಳಿಹಾಕುವದಿಲ್ಲ. ತಾಸಿಗೆ 35 ಕಿಲೋಮೀಟರಿನಂತೆ ಹೋದರೆ ನೂರು ಕಿಲೋಮೀಟರಿಗೆ ಮೂರು ತಾಸು ಬೇಕು. ಚಾಲಕನು ಬಾಡಿಗೆ ಹೆಚ್ಚು ಕೇಳುವನು. ಒಂದು ಗಾಡಿಗೆ ಮೂರರ ಬದಲು ಒಂದೇ ಒಯ್ದರೆ ಖರ್ಚು ಏರುವದು. ಇದಕ್ಕೆ ಉಪಾಯ ಕೂಡಿ ಹೋಗುವದು. ನಾಲ್ಕು ಮನೆಯವರು ಸೇರಿ ದೊಡ್ಡ ಗಾಡಿಯೊಂದನ್ನು ಮೊದಲೇ ಗೊತ್ತುಮಾಡಿದರೆ ತಲೆಗೆ ಬೀಳುವ ಬಾಡಿಗೆ ಇಳಿಯುವದು, ಜಾಗವೂ ಸಿಗುವದು. ಅಭ್ಯಾಸಕ್ಕಂತೂ ರೊಕ್ಕವೇ ಬೇಡ, ದಿನಕ್ಕೆ ಅರ್ಧ ತಾಸು ಸಾಕು. ಕಾಲು ಮುರಿದ ಕುದುರೆಯನ್ನು ಯಾವ ರೊಕ್ಕವೂ ಎಬ್ಬಿಸಲಾರದು.

ಆದರೆ ಒಂದು ಕೆಲಸ ಒಬ್ಬೊಬ್ಬನಿಂದ ಆಗುವದಲ್ಲ. ಅದನ್ನು ನಾವು ಗ್ರಾಮಪಂಚಾಯತಿಗಳಿಗೂ ಪೇಟೆ ಸಮಿತಿಗಳಿಗೂ ಗಟ್ಟಿಯಾಗಿ ಹೇಳಬಯಸುತ್ತೇವೆ. ದನಕರುಗಳು ಏರಿ ಇಳಿಯುವ ಪ್ರತಿಯೊಂದು ಸಂತೆಯ ಬಯಲಿನಲ್ಲಿ ಒಂದು ಮಣ್ಣಿನ ದಿಬ್ಬ ಬೇಕು. ಒಂದು ಕಡೆ ಕಲ್ಲುಗೋಡೆ, ಗಾಡಿಯ ತಳದಷ್ಟು ಎತ್ತರ. ಇನ್ನೊಂದು ಕಡೆ ಉದ್ದನೆಯ ಇಳಿಜಾರು. ಎರಡೂ ಪಕ್ಕಕ್ಕೆ ಗಳದ ಕಟಾಂಜನ. ಗಾಡಿ ಹಿಮ್ಮುಖವಾಗಿ ಗೋಡೆಗೆ ಆನಿದರೆ ಕುದುರೆ ನೆಗೆಯಬೇಕಾಗಿಲ್ಲ, ನಡೆದು ಒಳಗೆ ಹೋಗುವದು. ಇಂಜಿನಿಯರರ ನಕಾಶೆ ಬೇಡ. ನಾಲ್ಕು ಟ್ರ್ಯಾಕ್ಟರು ಮುರುಮು, ಹತ್ತಾಳಿನ ಕೆಲಸ. ಕುದುರೆಗಷ್ಟೇ ಅಲ್ಲ, ನಮ್ಮ ದೇವಣಿ ಎತ್ತು ಹಸುಗಳಿಗೂ ಇದೇ ಆಧಾರ. ಉದಗೀರ ಸೀಮೆಯ ಹಾಳಿ-ಹಂಡರಗುಳಿಯಂಥ ದೊಡ್ಡ ಸಂತೆಗೆ ಹೊಡೆದುಕೊಂಡು ಹೋಗುವ ಎತ್ತಿನ ಕಾಲೂ ಕಾಲೇ. ದಿಬ್ಬದ ಪಕ್ಕಕ್ಕೊಂದು ನೀರಿನ ತೊಟ್ಟಿ, ನಾಲ್ಕು ಬೇವಿನ ಗಿಡ ಇದ್ದರೆ ಇನ್ನೂ ಲೇಸು.

ಸರಕಾರ ಮಾಡಲೆಂದು ಕಾಯಬೇಕಾಗಿಯೂ ಇಲ್ಲ. ಊರ ಹೊರಗೆ ಓರೆಯಾದ ದಂಡೆಯೊಂದು ಇದ್ದೇ ಇರುವದು. ಗಾಡಿಯನ್ನು ತಗ್ಗಿನಲ್ಲಿ ನಿಲ್ಲಿಸಿ, ದಂಡೆಯಿಂದ ತಳಕ್ಕೆ ಗಟ್ಟಿ ಹಲಗೆ ಹಾಸಿ, ಮೇಲೆ ಮಣ್ಣು ಹುಲ್ಲು ಹಾಕಿರಿ, ಇಂದೇ ದಿಬ್ಬವಾಯಿತು. ಅಂದು ಸಂಜೆ ಔರಾದ ಶಹಾಜನಿಯ ಆ ರಸ್ತೆಯಿಂದ ಕೂಗಳತೆಯಲ್ಲಿ ಅಂಥ ದಂಡೆಯೊಂದು ಇದ್ದಿತು. ಹತ್ತು ನಿಮಿಷ ಉಳಿಸಲು ಹೋಗಿ ಯಾರೂ ಅದರ ಕಡೆ ನೋಡಲಿಲ್ಲ.

ಈ ಸಲ ಎಳ್ಳಮಾವಾಸ್ಯೆಗೆ ಹದಿನೈದು ದಿನ ಇರುವಾಗಲೇ ಅಂಗಳಕ್ಕೆ ಗಾಡಿ ಬರಲಿ, ಬಡಿಗೆ ಮೂಲೆ ಸೇರಲಿ. ಕುದುರೆ ತಾನಾಗಿ ಹತ್ತಿ, ನೆಟ್ಟಗೆ ಇಳಿದು, ಇಳಿದ ಕೂಡಲೇ ಹುಲ್ಲಿಗೆ ಬಾಯಿ ಹಚ್ಚಿದರೆ ನೀವು ಸರಿಯಾಗಿ ಒಯ್ದಿರೆಂದು ತಿಳಿಯಿರಿ. ಅಂಥ ಕುದುರೆಗೆ ಜಾತ್ರೆಯಲ್ಲಿ ಬೆಲೆಯೂ ಹೆಚ್ಚು ಬರುವದು. ಮಾರದೆ ಮರಳಿ ತಂದರೆ ಅದರ ಮೇಲೆ ನಿಂತ ಮನೆಯೂ ನೆಟ್ಟಗೆ ನಿಲ್ಲುವದು.